ಹಗೇವಿಗೆ ಉಗಿದ ಹೆಸರು

“ಎಷ್ಟು ಹೆಸರು ಬೇಕಾದ್ರೂ ಬರ್ಕೋ ಮಗ. ಅದೊಂದು ಜಾಗ ಮಾತ್ರ ಖಾಲಿ ಬಿಡು.”

ದೊಡ್ಡಮ್ಮ ಲಕ್ಷ್ಮಿದೇವಮ್ಮ ಇಷ್ಟು ಹೇಳಿ, ರಾಗಿ ಕೇರುತ್ತಿದ್ದ ಮೊರವನ್ನು ಮಡಿಲಿಗೆ ಇಳಿಸಿಕೊಂಡು ಅವನ ಮುಖವನ್ನೇ ನೋಡಿದರು. ಮಧುಕುಮಾರ ನಕ್ಕ. ನಗಬಾರದಿತ್ತು, ಆದರೂ ನಕ್ಕ. ಕುಡಿಯುತ್ತಿದ್ದ ಕಾಫಿ ಮೂಗಿಗೆ ಹತ್ತುವ ಹಾಗೆ ನಕ್ಕ.

“ಖಾಲಿ ಬಿಡೋಕೆ ಅದೇನು ಬಸ್ ಸೀಟಾ ದೊಡ್ಡಮ್ಮ? ಯಾರ ಜಾಗಾನೋ ಅವ್ರನ್ನ ಕೂರಿಸ್ಲೇಬೇಕಲ್ವಾ?”

“ಕೂತ್ಲು ಅಂದ್ರೆ ಏಳಲ್ಲ ಕಣೋ ಅವಳು,” ಅಂದರು ದೊಡ್ಡಮ್ಮ. ಅಷ್ಟೇ. ಮತ್ತೆ ಮೊರ ಎತ್ತಿಕೊಂಡರು. ಆಮೇಲೆ ಅವನು ಎಷ್ಟು ಗೋಗರೆದರೂ ಆ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಸೈಟು. ಮಧುಕುಮಾರನಿಗೆ ಸತ್ತವರ ಹುಚ್ಚು. ವಿಮಾ ಕಂಪನಿಯೊಂದರಲ್ಲಿ ಕೆಲಸ, ವಿಜಯನಗರದ ಮಾರ್ಕೆಟ್ಟಿನ ಹಿಂದೆ ಪುಟ್ಟ ಮನೆ, ಹೆಂಡತಿ ರಮ್ಯ, ಮೂರನೇ ಕ್ಲಾಸಿನ ಮಗಳು ಕೀರ್ತನಾ. ಸಂಜೆ ಮನೆಗೆ ಬಂದವನು ಬದುಕಿರುವ ಇವರಿಬ್ಬರ ಹತ್ತಿರ ಎರಡು ಮಾತಾಡಿ, ಉಳಿದ ಹೊತ್ತನ್ನೆಲ್ಲ ತಾತ ಮುತ್ತಾತಂದಿರ ಜೊತೆ ಕಳೆಯುತ್ತಿದ್ದ. ರಮ್ಯ ದೊಡ್ಡ ಟಿ.ವಿ. ಹಾಕಿಸೋಣ ಅಂತ ಆಸೆಪಟ್ಟಿದ್ದ ಹಾಲಿನ ಗೋಡೆಯ ತುಂಬ ವಂಶವೃಕ್ಷ ಹಬ್ಬಿತ್ತು. ತುದಿಯಲ್ಲಿ ಕೀರ್ತನಾ. ಅವಳ ಕೆಳಗೆ ಅವನು. ಅವನ ಕೆಳಗೆ ಅಪ್ಪ, ತಾತ ತಿಮ್ಮಯ್ಯ, ಮುತ್ತಾತ ದೊಡ್ಡಹನುಮಯ್ಯ, ಹಾಗೇ ಬೇರಿನ ತನಕ. ದೊಡ್ಡಹನುಮಯ್ಯನ ಒಂದು ಪಕ್ಕದಲ್ಲಿ ಮುತ್ತಜ್ಜಿ, ಇನ್ನೊಂದು ಪಕ್ಕದಲ್ಲಿ ಮಾತ್ರ ಒಂದು ಖಾಲಿ ಚೌಕ. ಅದನ್ನು ನೋಡಿದಾಗೆಲ್ಲ ಹಲ್ಲಿನ ಸಂದಿಯಲ್ಲಿ ಮಾಂಸದ ಎಳೆ ಸಿಕ್ಕಿಕೊಂಡ ಹಾಗೆ ಅವನಿಗೆ ಕಿರಿಕಿರಿ.

ಆ ಚೌಕದಲ್ಲಿ ಯಾರೋ ಇದ್ದರು ಅನ್ನುವುದು ಅವನಿಗೆ ಖಾತ್ರಿ. ಮುತ್ತಜ್ಜಿಯನ್ನು ಮನೆಯವರೆಲ್ಲ ಕಿರಿಯಮ್ಮ ಅಂತ ಕರೆಯುತ್ತಿದ್ದರು. ಕಿರಿಯವಳು ಇದ್ದ ಮೇಲೆ ಹಿರಿಯವಳು ಇರಲೇಬೇಕಲ್ಲ? ಅದೂ ಅಲ್ಲದೆ, ವರ್ಷಾ ವರ್ಷಾ ಪಿತೃಪಕ್ಷದ ಅಮಾವಾಸ್ಯೆಗೆ ದೊಡ್ಡಮ್ಮನ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ, ಹೊಸಿಲ ಹತ್ತಿರ ಒಂದು ಬಾಳೆ ಎಲೆಯನ್ನು ಮಗುಚಿ ಹಾಕುತ್ತಿದ್ದರು. ಅದರ ಮೇಲೆ ಅನ್ನವಿಲ್ಲ, ನೀರಿಲ್ಲ. ಯಾರದ್ದು ಅಂತ ಕೇಳಿದರೆ ಎಲ್ಲರಿಗೂ ಒಟ್ಟಿಗೇ ಕೆಮ್ಮು ಬರುತ್ತಿತ್ತು.

ವರ್ಷಗಟ್ಟಲೆ ಅಲೆದ ಪುಣ್ಯಾತ್ಮ. ಕಚೇರಿಗಳಿಗೆ ಹೋದರೆ “ಅಷ್ಟು ಹಳೇದು ಇಲ್ಲ ಸಾರ್, ನಾಳೆ ಬನ್ನಿ” ಅನ್ನುತ್ತಿದ್ದರು. ಇಲ್ಲದ್ದಕ್ಕೆ ನಾಳೆ ಯಾಕೆ ಬರಬೇಕು ಅಂತ ಕೇಳಿದರೆ ಅವರಿಗೇ ಸಿಟ್ಟು. ನೆಂಟರ ಮನೆಗೆ ಹೋದರಂತೂ ಕತೆಯೇ ಬೇರೆ. ಈ ಸೀಮೆಯಲ್ಲಿ ಯಾವನಾದರೂ ಬಂದು ನಮ್ಮ ಮುತ್ತಾತನಿಗೆ ಎಷ್ಟು ಜನ ಹೆಂಡಿರು ಅಂತ ಕೇಳಿದರೆ ಅದಕ್ಕೆ ಇರುವುದು ಒಂದೇ ಅರ್ಥ: ಜಮೀನಲ್ಲಿ ಪಾಲು ಕೇಳೋಕೆ ಬಂದಿದ್ದಾನೆ! ನಾಗರಬಾವಿಯ ಚಿಕ್ಕಪ್ಪ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ದೊಡ್ಡಮ್ಮನ ಮಗ ಭೈರೇಶಣ್ಣನಂತೂ, “ಯಾವ ವಕೀಲ ಹೇಳ್ಕೊಟ್ಟ ಗುರು ನಿನಗೆ?” ಅಂತ ಮುಖಕ್ಕೇ ಹೊಡೆದ ಹಾಗೆ ಕೇಳಿದ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅವನ ಪ್ರಶ್ನೆಗೆ ಬಂದ ಉತ್ತರ ಶುಭೋದಯದ ಗುಲಾಬಿ ಹೂವು ಮಾತ್ರ. ಮಧುಕುಮಾರನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನನ್ನದೇ ರಕ್ತ, ನನ್ನದೇ ಮನೆತನ, ನನಗೇ ಹೇಳಲ್ಲ ಅಂದರೆ ಏನರ್ಥ ಅಂತ ರಮ್ಯನ ಮೇಲೆ ರೇಗಾಡಿದ.

“ಹೇಳಲ್ಲ ಅಂದ್ರೆ ಬಿಡ್ರೀ,” ಅಂದಳು ರಮ್ಯ. “ಸತ್ತೋರ ಹೆಸರು ಹುಡುಕ್ತಾ ಮಗಳ ಹುಟ್ಟಿದಹಬ್ಬ ಮರ್ತಿದ್ರಲ್ಲ, ಅದು ನೆನಪಿದ್ಯಾ?”

ಆದರೆ ಹುಚ್ಚು ಬಿಡಬೇಕಲ್ಲ.

ಕೊನೆಗೆ ದಾರಿ ತೆರೆದದ್ದು ಮಹಾಲಕ್ಷ್ಮಿ ಲೇಔಟಿನಲ್ಲಿ. ತಾತ ತಿಮ್ಮಯ್ಯನ ಕೊನೆಯ ತಂಗಿ ಕೆಂಚಜ್ಜಿ ಅಲ್ಲಿ ಮೊಮ್ಮಗಳ ಮನೆಯ ಮೂಲೆಯ ಕೋಣೆಯಲ್ಲಿ ಮಲಗಿದ್ದಳು. ಹಣ್ಣು ಹಣ್ಣು ಮುದುಕಿ, ಅರಳುಮರಳು. ಬಂದವನು ಯಾರು ಅಂತಲೂ ತಿಳಿಯದು. ಕೋಣೆಯ ತುಂಬ ಮೂತ್ರ ಮತ್ತು ಅಮೃತಾಂಜನದ ವಾಸನೆ. ಮಧುಕುಮಾರ ಅವಳ ಪಕ್ಕ ಕೂತು, ಮೊಬೈಲಿನ ರೆಕಾರ್ಡರ್ ಒತ್ತಿ, “ಅಜ್ಜಿ, ರಾಗಿ ಬೀಸೋವಾಗ ಏನು ಪದ ಹೇಳ್ತಿದ್ರಿ?” ಅಂತ ಕೇಳಿದ. ಮುದುಕಿಯ ಕೈ ತಾನಾಗಿ ಹಾಸಿಗೆಯ ಮೇಲೆ ಸುತ್ತತೊಡಗಿತು, ಕಲ್ಲಿನ ಗೂಟ ಹಿಡಿದ ಹಾಗೆ. ಗಂಟಲು ಕಿರುಗುಟ್ಟಿತು.

“ಬೀಸೋ ಕಲ್ಲವ್ವ ಮೆಲ್ಲಕೆ ತಿರುಗವ್ವ
ನೆಲದಾಗೆ ಮಲಗವ್ಳೆ ನಮ್ಮಕ್ಕ
ನಮ್ಮಕ್ಕನ ಹೆಸರ ನಾನೆಂಗೆ ಕರೆಯಾಲಿ
ಹೂಂ ಹೂಂ ಹೂಂ...”

ನಾಲ್ಕನೇ ಸಾಲಿಗೆ ಬಂದಾಗ ತುಟಿ ಬಿಗಿದು ಬರೀ ಗುನುಗು. ಮತ್ತೆ ಮೊದಲಿಂದ. ಮತ್ತೆ ಗುನುಗು. ಮನೆಯ ಹೆಂಗಸರು ಅಂದಿನಿಂದ ಇಂದಿನ ತನಕ ಆ ಹೆಸರನ್ನು ಬಾಯಿ ಮುಚ್ಚಿಕೊಂಡೇ ಹಾಡಿಕೊಂಡು ಬಂದಿದ್ದರು. ಅವನು ಮುದುಕಿಯ ಕೈ ಹಿಡಿದು ತಾನೂ ಜೊತೆಗೆ ಹಾಡಿದ, ಒಂದು ಸಲ, ಇನ್ನೊಂದು ಸಲ. ಯಾವುದೋ ಸುತ್ತಿನಲ್ಲಿ, ಯಾಕೆ ಬಾಯಿ ಮುಚ್ಚಬೇಕು ಅನ್ನುವುದೇ ಆ ಬಡಪಾಯಿಗೆ ಮರೆತುಹೋಯಿತು.

“ಮುದ್ದೀರೀ...” ಅಂತ ಹಾಡಿಬಿಟ್ಟಳು.

ಹಾಡಿದವಳೇ ಗಕ್ಕನೆ ನಿಂತಳು. ಮಬ್ಬು ಕಣ್ಣಿಗೆ ಅರೆಗಳಿಗೆ ಬೆಳಕು ಬಂತು. “ಅಯ್ಯೋ ಶಿವನೇ, ಬಾಯಿ ಬಿಟ್ನಲ್ಲಪ್ಪೋ,” ಅಂತ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದಳು. ಮಧುಕುಮಾರ ಮೆಟ್ಟಿಲು ಇಳಿಯುವಾಗ ಹಾರಿಕೊಂಡೇ ಇಳಿದ. ಮುದ್ದೀರಮ್ಮ! ಸಿಕ್ಕಳು!

ಸಿಕ್ಕಿದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಜಾತಿ ಅಲ್ಲ ಅದು. ದೊಡ್ಡಮ್ಮನಿಗೆ ಫೋನು ಮಾಡಿ “ಹೆಸರು ಸಿಕ್ತು” ಅಂದ. ಆ ಕಡೆಯಿಂದ, “ಬಾಯಿ ಮುಚ್ಚು. ಬತ್ತಾ ಇವ್ನಿ.” ಮಂಡಿ ನೋವು ಅಂತ ಬೀದಿ ದಾಟದ ಹೆಂಗಸು ಕೆಂಗೇರಿಯ ಆಚೆಯಿಂದ ಆಟೋ ಮಾಡಿಕೊಂಡು ವಿಜಯನಗರಕ್ಕೆ ಬಂದರು. ನೀರೂ ಕುಡಿಯದೆ ಕೂತರು. ಹೇಳಿದರು.

ಮುತ್ತಾತನ ಮೊದಲ ಹೆಂಡತಿಗೆ ಮಕ್ಕಳಾಗಲಿಲ್ಲ. ಕಿರಿಯವಳು ಬಂದಳು. ಬರಗಾಲದ ವರ್ಷ. ಹಿರಿಯವಳು ರಾಗಿ ಕದ್ದು ಹಸಿದವರಿಗೆ ಕೊಡುತ್ತಾಳೆ ಅಂತ ಗುಲ್ಲಾಯಿತು. ರಾಗಿ ಇರುತ್ತಿದ್ದದ್ದು ಹಗೇವಿನಲ್ಲಿ, ಮನೆಯ ಅಂಗಳದ ನೆಲದೊಳಗೆ ಕೊರೆದ ಕಣಜದಲ್ಲಿ. ಒಬ್ಬರು ಇಳಿಯುವಷ್ಟು ಕಿರಿದಾದ ಬಾಯಿ, ಅದರ ಮೇಲೆ ಚಪ್ಪಡಿ. ಬುದ್ಧಿ ಕಲಿಸುತ್ತೇವೆ ಅಂತ ಅವಳನ್ನು ರಾಗಿ ತುಂಬಲು ಕೆಳಗಿಳಿಸಿ ಚಪ್ಪಡಿ ಎಳೆದರು.

“ಒಂದು ಗಳಿಗೆ ಅಂತ ಮುಚ್ಚಿದ್ರಂತೆ. ಹಗೇವು ಮುಚ್ಚಿದ್ರೆ ಒಳಗೆ ಉಸಿರೇ ಇರಲ್ಲ ಕಣೋ. ಒಳಗಿಂದ ತಟ್ಟಿದ್ಲಂತೆ, ನನ್ ಹೆಸರಿಡಿದು ಒಂದ್ಸಲ ಕರೀರಿ, ಬತ್ತೀನಿ ಅಂತ. ಯಾರೂ ಕರೀಲಿಲ್ಲ.”

ಆಮೇಲೆ ಮನೆಯ ಮಕ್ಕಳು ಒಂದೊಂದಾಗಿ ಅನ್ನ ಬಿಟ್ಟವು. ತಟ್ಟೆಗೆ ಹಾಕಿದ ಮುದ್ದೆ ಬಾಯಿಗೆ ಹೋಗುವಷ್ಟರಲ್ಲಿ ಬೂದಿ. ಹೊಳೆಯಾಚೆಯಿಂದ ಮಂತ್ರವಾದಿಯನ್ನು ಕರೆಸಿದರು. ಅವನು ಮನೆಯವರನ್ನೆಲ್ಲ ಹಗೇವಿನ ಸುತ್ತ ಕೂರಿಸಿ, ಬಾಯಲ್ಲಿ ಹಿಡಿ ರಾಗಿ ಹಾಕಿಸಿ, ಅವಳ ಹೆಸರನ್ನು ಕೊನೆಯ ಸಲ ಹೇಳಿಸಿ, ರಾಗಿಯ ಜೊತೆ ಹೆಸರನ್ನೂ ಒಳಗೆ ಉಗಿಸಿದ. ಚಪ್ಪಡಿ ಮುಚ್ಚಿ ಕಟ್ಟು ಹಾಕಿದ. ಎಡೆಯ ಮುಂದೆ ಆ ಹೆಸರು ಯಾರೂ ಕರೆಯದಿರುವ ತನಕ ಆ ಕಟ್ಟು ನಿಲ್ಲುತ್ತೆ ಅಂದ.

“ಎಡೆ ಮುಂದೆ ಕರದ್ರೆ ಊಟಕ್ಕೆ ಕರದಂಗೆ. ಬತ್ತಾಳೆ. ಭಾಷೆ ಕೊಡು, ಕರೆಯಲ್ಲ ಅಂತ.”

“ಆಯ್ತು ದೊಡ್ಡಮ್ಮ,” ಅಂದ ಮಧುಕುಮಾರ. ಅವನ ಒಂದು ಕಣ್ಣು ಮೊಬೈಲಿನ ಮೇಲಿತ್ತು. ಅದು ಅಷ್ಟನ್ನೂ ರೆಕಾರ್ಡ್ ಮಾಡಿಕೊಂಡಿತ್ತು. ಎಂಥ ಅದ್ಭುತ ಮಾಹಿತಿ, ಎಂಥ ಮೂಢನಂಬಿಕೆ ಅಂತ ಅವನ ಲೆಕ್ಕ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಆ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಅಮಾವಾಸ್ಯೆ ಬಂತು. ಮಧುಕುಮಾರ ಹೆಂಡತಿ ಮಗಳನ್ನು ಕರೆದುಕೊಂಡು ದೊಡ್ಡಮ್ಮನ ಮನೆಗೆ ಹೋದ.

ದೊಡ್ಡಮ್ಮನ ಊರು ಈಗ ಊರಲ್ಲ, ಬಡಾವಣೆಗಳ ನಡುವೆ ಸಿಕ್ಕಿಕೊಂಡ ನಾಲ್ಕು ಬೀದಿ. ಹಳೇ ಮನೆ ಕೆಡವಿ ಮಹಡಿ ಮೇಲೆ ಮಹಡಿ ಎಬ್ಬಿಸಿದ್ದರು. ಕೆಳಗೆ ದೊಡ್ಡಮ್ಮ ಮತ್ತು ಭೈರೇಶಣ್ಣ, ಮೇಲೆಲ್ಲ ಬಾಡಿಗೆಯವರು. ಅಂಗಳವಿದ್ದ ಕಡೆ ಬೈಕು ನಿಲ್ಲಿಸುವ ಜಾಗ. ಅದರ ಮೂಲೆಯ ಚಪ್ಪಡಿಯನ್ನು ಮಾತ್ರ ಕೀಳಲು ದೊಡ್ಡಮ್ಮ ಮೇಸ್ತ್ರಿಗೆ ಬಿಟ್ಟಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಳಕೋಣೆಯಲ್ಲಿ ಎಡೆ ಸಿದ್ಧವಾಯಿತು. ಕಳಶದ ಮುಂದೆ ಹೊಸ ಸೀರೆ, ಪಂಚೆ. ಎಲೆಗಳ ಮೇಲೆ ಮುದ್ದೆ, ಕೋಳಿ ಸಾರು, ಕಜ್ಜಾಯ, ಚಕ್ಕುಲಿ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಕ್ವಾರ್ಟರ್ ಬಾಟಲಿ. ಸಾಂಬ್ರಾಣಿ ಹೊಗೆಗೆ ಕಣ್ಣು ಉರಿಯುತ್ತಿತ್ತು. ಹೊಸಿಲ ಹತ್ತಿರ ಆ ಮಗುಚಿದ ಎಲೆ.

ಮನೆಯ ಗಂಡಸು ಒಬ್ಬೊಬ್ಬ ಹಿರಿಯರ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಭೈರೇಶಣ್ಣ ನಾಲ್ಕು ಹೆಸರಿಗೇ ತಡವರಿಸಿದ. ಎಲ್ಲರೂ ನಕ್ಕರು. ಅವನು ಸಿಟ್ಟಿನಿಂದ ತಿರುಗಿದ. “ಇವ್ನೇ ಕರೀಲಿ ಬಿಡಮ್ಮ. ಪಾಲು ಕೇಳೋಕೆ ಅಂತ ಎಲ್ಲಾ ಬಾಯಿಪಾಠ ಮಾಡ್ಕೊಂಡವ್ನೆ.”

ಮಧುಕುಮಾರನ ಮೈ ಉರಿದುಹೋಯಿತು. ವರ್ಷಗಳ ಅಲೆದಾಟ, ಮುಚ್ಚಿದ ಬಾಗಿಲುಗಳು, ಗುಲಾಬಿ ಹೂವು, ಎಲ್ಲಾ ಒಟ್ಟಿಗೆ ಗಂಟಲಿಗೆ ಬಂತು. ಮುಂದೆ ಬಂದು ಕೂತ. ಗಟ್ಟಿಯಾಗಿ, ಬೇರಿನಿಂದ ತುದಿಯ ತನಕ ಒಂದೂ ಬಿಡದೆ ಕರೆದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಅವನ ಕಣ್ಣು ಮಗುಚಿದ ಎಲೆಯ ಮೇಲೆ ಬಿತ್ತು. ಹಸಿದವರಿಗೆ ರಾಗಿ ಕೊಟ್ಟವಳಿಗೆ ಒಂದು ತುತ್ತು ಕೊಡದ ಇವರೂ ಮನುಷ್ಯರಾ ಅನ್ನಿಸಿತು. ಕೈ ಚಾಚಿ ಎಲೆಯನ್ನು ಮೇಲ್ಮುಖ ಮಾಡಿದ. ಒಂದು ಮುದ್ದೆ ಇಟ್ಟ.

“ಬ್ಯಾಡ ಕಣೋ!” ದೊಡ್ಡಮ್ಮ ಕಿರುಚಿದರು.

“ಮುತ್ತಜ್ಜಿ ಮುದ್ದೀರಮ್ಮ, ಬಾ, ಉಣ್ಣು.”

ಏನೂ ಆಗಲಿಲ್ಲ. ದೀಪ ಆರಲಿಲ್ಲ, ಗುಡುಗಲಿಲ್ಲ. ಮೇಲಿನ ಮನೆಯಲ್ಲಿ ಯಾರದೋ ಕುಕ್ಕರ್ ಕೂಗಿತು. ಮಧುಕುಮಾರ ಗೆದ್ದವನ ಹಾಗೆ ಎದ್ದು ನಿಂತ. ದೊಡ್ಡಮ್ಮನ ಮುಖದಲ್ಲಿ ರಕ್ತವಿರಲಿಲ್ಲ. “ಆಚೆ ಹೋಗಿ, ಎಲ್ರೂ,” ಅಂದರು. ಹಿರಿಯರು ಉಣ್ಣುವಾಗ ಬದುಕಿರುವವರು ನೋಡಬಾರದು. ಎಲ್ಲರೂ ಹೊರಬಂದು ಬಾಗಿಲು ಎಳೆದುಕೊಂಡರು. ಪಡಸಾಲೆಯಲ್ಲಿ ನಿಂತರು.

ಮೊದಲು ವಾಸನೆ ಬಂತು. ಮುಗ್ಗಲು ಹಿಡಿದ ರಾಗಿಯ, ಬಿಸಿಯ, ಗಾಳಿ ಕಾಣದ ನೆಲದ ವಾಸನೆ. ಬಾಗಿಲ ಸಂದಿಯಿಂದ ಹೊಗೆಯ ಹಾಗೆ ತೆವಳಿ ಬಂತು. ಆಮೇಲೆ ಸದ್ದು. ಒಳಗೆ ಯಾರೋ ಉಣ್ಣುತ್ತಿದ್ದರು. ಆತುರಾತುರವಾಗಿ, ಚಪ್ಪರಿಸಿ, ಮೂಳೆ ಕಡಿದು. ಒಂದು ಎಲೆ ಎಳೆದ ಸದ್ದು. ಇನ್ನೊಂದು. ಇನ್ನೊಂದು. ತಾತನ ಎಲೆ, ಅಪ್ಪನ ಎಲೆ, ಎಲ್ಲರದ್ದೂ.

“ಬೆಕ್ಕು ನುಗ್ಗಿರ್ಬೇಕು,” ಅಂದ ಮಧುಕುಮಾರ. ಅವನ ದನಿ ಅವನಿಗೇ ಒಪ್ಪಲಿಲ್ಲ.

ರಮ್ಯ ಸುತ್ತ ನೋಡಿದಳು. “ಕೀರ್ತನಾ ಎಲ್ಲಿ?”

ಅವಳ ಕಣ್ಣು ಮುಚ್ಚಿದ ಬಾಗಿಲಿಗೆ ಹೋಯಿತು.

“ಚಕ್ಕುಲಿ ಬೇಕು ಅಂತಿದ್ಲು. ಒಳಗೇ... ರೀ, ಮಗು ಒಳಗೇ ಇದೆ!”

ಅವನು ಬಾಗಿಲಿಗೆ ಒದ್ದ. ಕೋಣೆ ಕತ್ತಲು. ನಡುಹಗಲಲ್ಲಿ, ಕಿಟಕಿ ತೆರೆದಿದ್ದರೂ, ಕಣಜದ ಒಳಗಿನಂಥ ಕತ್ತಲು. ಎಲೆಗಳೆಲ್ಲ ನೆಕ್ಕಿ ತೊಳೆದ ಹಾಗೆ ಬರಿದು. ಮಗುವಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಬೇರೆ ಬಾಗಿಲಿಲ್ಲ. ಮಗುವಿಲ್ಲ.

“ಅಪ್ಪಾ...”

ದನಿ ಕೆಳಗಿನಿಂದ ಬಂತು. ನೆಲದ ಕೆಳಗಿನಿಂದ.

ಹೊರಗೆ ಬೈಕುಗಳ ಹತ್ತಿರ ಮೇಲಿನ ಮನೆಯ ಬಾಡಿಗೆಯ ಹುಡುಗ ರೇವಣಸಿದ್ದ ಹೆಲ್ಮೆಟ್ ಕೈಲಿ ಹಿಡಿದು ಬೆವರುತ್ತಾ ನಿಂತಿದ್ದ. “ಯಣ್ಣಾ, ಈ ಕಲ್ಲಿನ ಬುಡಕ ಯಾರೋ ಕೂಸು ಅಳಾಕತ್ತೈತ್ರೀ!” ಅಂದ. ಬೈಕುಗಳನ್ನು ಕೆಡವಿದರು. ಹಾರೆ ತಂದರು. ಚಪ್ಪಡಿ ಮಿಸುಕಲಿಲ್ಲ. ಮತ್ತೆ ಮೀಟಿದರು. ಕಲ್ಲು ನರಳಿ ಪಕ್ಕಕ್ಕೆ ಸರಿಯಿತು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಭೈರೇಶಣ್ಣ ವಾಂತಿ ಮಾಡಿಕೊಂಡ.

ಮಧುಕುಮಾರ ಬೋರಲು ಮಲಗಿ ಮೊಬೈಲಿನ ಬೆಳಕು ಬಿಟ್ಟ. ಆಳದಲ್ಲಿ ಕೀರ್ತನಾಳ ಹಳದಿ ಲಂಗ. ಮುಖ. ತೆರೆದ ಕಣ್ಣು. ಅವಳ ಬಾಯಿಯ ಹತ್ತಿರ ಒಂದು ಕೈ. ಬೂದಿ ಬಣ್ಣದ ಕೈ. ಮಗುವಿಗೆ ಉಣಿಸುತ್ತಿತ್ತು. ಕರೀ ರಾಗಿ, ಹಿಡಿ ಹಿಡಿಯಾಗಿ. ಮಗು ಉಸಿರಿಗೆ ಒದ್ದಾಡುತ್ತಿತ್ತು. ಕೈ ನಿಲ್ಲಲಿಲ್ಲ.

“ಬಿಡು! ನನ್ನ ಮಗಳನ್ನ ಬಿಡು!”

“ಕರೆದ್ಯಲ್ಲ,” ಅಂದಿತು ಕೆಳಗಿನ ದನಿ. ಎರಡು ಕಲ್ಲು ಉಜ್ಜಿದಂಥ ದನಿ. “ಮಕ್ಕಳಿಲ್ಲದೋಳು ನಾನು. ಒಬ್ಳೇ ಉಣ್ಣಲಾ?”

ಅವನು ಇಳಿಯಲು ಕಾಲು ಹಾಕಿದ. ಬಾಯಿ ಅವನ ಭುಜಕ್ಕೆ ಕಿರಿದಾಯಿತು. ತಿರುಗಿದ, ಒತ್ತಿದ, ಚರ್ಮ ಕಿತ್ತುಬಂತು. ಆಗಲಿಲ್ಲ. ರಮ್ಯ ನೆಲಕ್ಕೆ ತಲೆ ಚಚ್ಚುತ್ತಿದ್ದಳು. ದೊಡ್ಡಮ್ಮ ಒಳಗೆ ಓಡಿ ಮಡಿಲಲ್ಲಿ ರಾಗಿ ತಂದರು. ಏದುಸಿರು.

“ಅವತ್ತು ಹೆಂಗೆ ಕಟ್ಟಿದ್ರೋ ಹಂಗೇ ಕಟ್ಬೇಕು. ಅವಳ ಹೆಸರು ಆಚೆ ಬಂದೈತೆ. ಆ ಜಾಗಕ್ಕೆ ಬೇರೆ ಹೆಸರು ಒಳಗೋಗ್ಬೇಕು. ಬದುಕಿರೋರ್ದು, ಈ ಮನೇದು.” ಹೇಳುತ್ತಲೇ ಒಂದು ಹಿಡಿ ತಮ್ಮ ಬಾಯಿಗೇ ಹಾಕಿಕೊಂಡು “ಲಕ್ಷ್ಮಿದೇವಮ್ಮ” ಅಂತ ಹಗೇವಿನೊಳಗೆ ಉಗಿದರು.

ಕೆಳಗಿನಿಂದ ರಾಗಿ ಹಾಗೇ ತಿರುಗಿ ಬಂದು ಅವರ ಮುಖಕ್ಕೆ ರಾಚಿತು.

“ಕರೆದೋನು ನೀನಲ್ಲ.”

ಕೀರ್ತನಾಳ ಕೆಮ್ಮು ನಿಂತಿತು. ಲಂಗ ಅಲುಗಲಿಲ್ಲ.

ಮಧುಕುಮಾರ ಯೋಚಿಸಲಿಲ್ಲ. ಹೆಸರು ಹೋದರೆ ಏನು ಹೋಗುತ್ತದೆ ಅಂತ ಆ ಕ್ಷಣಕ್ಕೆ ಅವನಿಗೆ ಹೊಳೆಯಲಿಲ್ಲ, ಹೊಳೆದಿದ್ದರೂ ನಿಲ್ಲುತ್ತಿರಲಿಲ್ಲ. ರಾಗಿ ಬಾಚಿ ಬಾಯಿಗೆ ತುರುಕಿಕೊಂಡ. ಕಲ್ಲು, ಧೂಳು, ಕಹಿ. ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದ. ಉಗಿದ.

ರಾಗಿ ತಿರುಗಿ ಬರಲಿಲ್ಲ.

ಆಳದಲ್ಲಿ ಯಾರೋ ತೃಪ್ತಿಯಿಂದ ತೇಗಿದ ಸದ್ದು. ಬೂದಿ ಬಣ್ಣದ ಕೈ ಸರಿಯಿತು. ಹಗೇವಿನ ಬಾಯಿ ಸಡಿಲವಾಯಿತು. ಅವನು ಸೊಂಟದವರೆಗೆ ಜಾರಿ, ಮಗುವಿನ ಲಂಗ ಹಿಡಿದ. ರೇವಣಸಿದ್ದ ಅವನ ಕಾಲು ಹಿಡಿದ. ಎಳೆದರು. ಎಳೆದರು. ಮಗು ಮೇಲೆ ಬಂತು. ಅವನು ಅವಳ ಬಾಯಿಗೆ ಬೆರಳು ಹಾಕಿ ಕರೀ ರಾಗಿಯನ್ನೆಲ್ಲ ತೆಗೆದ, ಬೆನ್ನು ಗುದ್ದಿದ, ಉಸಿರು ಊದಿದ. ಕೀರ್ತನಾ ಕೆಮ್ಮಿದಳು. ಅತ್ತಳು. ಅಯ್ಯೋ, ಎಂಥ ಚೆಂದದ ಅಳು! ಗಂಡಸರು ಚಪ್ಪಡಿ ಎಳೆದು ಮುಚ್ಚಿದರು. ವಾಸನೆ ಹೋಯಿತು. ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ.

ಅವನು ನೆಲದ ಮೇಲೆ ಕೂತು ಮಗಳನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಕೀರ್ತನಾ ಮೈ ಕೊಸರಿಕೊಂಡಳು. ಅವನ ತೋಳಿನಿಂದ ಜಾರಿ ಓಡಿ ರಮ್ಯನ ಸೀರೆ ಹಿಡಿದಳು. “ಅಮ್ಮಾ, ಈ ಅಂಕಲ್ ಯಾಕೆ ಅಳ್ತಾ ಇದಾರೆ?”

ಗಾಬರಿಗೆ ಹೀಗಾಗಿದೆ, ಸರಿಹೋಗುತ್ತೆ ಅಂದುಕೊಂಡ ಅವನು. ನಗಲು ನೋಡುತ್ತಾ ರಮ್ಯನ ಕಡೆ ತಿರುಗಿದ. ರಮ್ಯ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ನಿಂತಿದ್ದಳು, ಪರಗಂಡಸಿನ ಮುಂದೆ ನಿಲ್ಲುವ ಹಾಗೆ. ಭೈರೇಶಣ್ಣ ಬಾಯಿ ಒರೆಸಿಕೊಳ್ಳುತ್ತಾ ರೇವಣಸಿದ್ದನನ್ನು ಕೇಳಿದ, “ನಿನ್ ಕಡೆಯೋರಾ ಇವ್ರು?” ಹುಡುಗ ಅಲ್ಲ ಅಂತ ತಲೆಯಾಡಿಸಿದ. ದೊಡ್ಡಮ್ಮ ಅವನ ಮುಖವನ್ನೇ ನೋಡುತ್ತಿದ್ದರು. ಏನೋ ನೆನಪಾಗಬೇಕು, ಆಗುತ್ತಿಲ್ಲ ಅನ್ನುವ ಹಾಗೆ ಹಣೆ ತಿಕ್ಕಿಕೊಳ್ಳುತ್ತಿದ್ದರು.

“ರಮ್ಯಾ, ನಾನು ಕಣೇ.”

ಅವಳು ಬೆಚ್ಚಿದಳು. ಅಪರಿಚಿತನ ಬಾಯಲ್ಲಿ ತನ್ನ ಹೆಸರು ಕೇಳಿ ಮಗಳನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಆದರೆ ಒಳ್ಳೆಯ ಹೆಂಗಸು. ಉಪಕಾರ ಮರೆಯುವವಳಲ್ಲ. ಕಣ್ಣೀರು ಒರೆಸಿಕೊಂಡು ಕೈ ಮುಗಿದಳು.

“ನೀವು ಯಾರೋ ಗೊತ್ತಿಲ್ಲ ಸಾರ್. ದೇವರು ಬಂದಹಾಗೆ ಬಂದ್ರಿ. ತಂದೆ ಇಲ್ಲದ ಮಗು ಇದು, ಇವಳು ಬಿಟ್ರೆ ನನಗೆ ಬೇರೆ ಯಾರೂ ಇಲ್ಲ. ಇನ್ಮೇಲೆ ದಿನಾ ದೀಪ ಹಚ್ಚೋವಾಗ ನಿಮ್ಮ ಹೆಸರು ಹೇಳ್ಕೊಂಡು ಕೈ ಮುಗೀತೀನಿ.” ಅವಳು ತಡೆದು ಕೇಳಿದಳು. “ಏನು ಸಾರ್ ನಿಮ್ಮ ಹೆಸರು?”

ಅವನು ಬಾಯಿ ತೆರೆದ. ನಾಲಿಗೆ ಅಲುಗಿತು, ಗಂಟಲು ಅಲುಗಿತು. ಹುಡುಕಿದ. ಎಲ್ಲ ಹಿರಿಯರ ಹೆಸರೂ ಬೇರಿನ ತನಕ ಒಂದೂ ಬಿಡದೆ ನೆನಪಿಗೆ ಬಂದವು.

ರಮ್ಯ ಕೈ ಮುಗಿದುಕೊಂಡೇ ಕಾಯುತ್ತಾ ನಿಂತಿದ್ದಳು.